ಮೂಗಿನ ಆಕಾರ ತಿದ್ದುವ ಆಪರೇಷನ್ನಿಗೆ ಒಪ್ಪುವ ಮೊದಲು

ಕನ್ನಡಿ ಮುಂದೆ ನಿಂತು ಆಕಾರ ನೋಡುವ ಮೊದಲು ಉಸಿರು ನೋಡಿಕೊಳ್ಳಿ. ಬಾಯಿ ಮುಚ್ಚಿ, ಒಂದು ಹೊಳ್ಳೆಯನ್ನು ಬೆರಳಿಂದ ಮೆಲ್ಲಗೆ ಒತ್ತಿ ಹಿಡಿದು ಇನ್ನೊಂದರಿಂದ ಉಸಿರೆಳೆಯಿರಿ. ಆಮೇಲೆ ಬದಲಿಸಿ. ಒಂದು ಕಡೆ ಬಿಗಿ ಅನ್ನಿಸಿದರೆ ಆ ಕಡೆಯ ಕೆನ್ನೆಯನ್ನು ಕಿವಿಯತ್ತ ಸ್ವಲ್ಪ ಎಳೆದು ಮತ್ತೆ ನೋಡಿ. ಆಗ ಸಲೀಸಾದರೆ, ಉಸಿರೆಳೆದಾಗ ಮೂಗಿನ ಪಕ್ಕದ ಗೋಡೆ ಒಳಕ್ಕೆ ಕುಸಿಯುತ್ತಿರಬಹುದು. ಇಂಥ ಮೂಗನ್ನು ಇನ್ನೂ ಸಪೂರ ಮಾಡಿಸಿದರೆ ಫೋಟೋ ಚೆನ್ನಾಗಿ ಬರುತ್ತದೆ, ರಾತ್ರಿಯೆಲ್ಲ ಬಾಯಲ್ಲಿ ಉಸಿರಾಡಬೇಕಾಗುತ್ತದೆ. ಮೊದಲ ಭೇಟಿಯಲ್ಲೇ ಡಾಕ್ಟರಿಗೆ ಇದನ್ನು ಹೇಳಿ. ಮೂಗಿನೊಳಗೆ ಇಣುಕಿ ನೋಡದೆಯೇ ದಿನಾಂಕ ಕೊಡುವ ಕಡೆ ಮುಂದುವರಿಯಬೇಡಿ.

ಮೂಗಿನ ಮೇಲಿನ ಸುಮಾರು ಮೂರನೇ ಒಂದು ಭಾಗ ಮೂಳೆ, ಉಳಿದದ್ದು ಮೃದ್ವಸ್ಥಿ. ಕಿವಿ ಮಡಿಚಿದರೆ ಬಗ್ಗುತ್ತದಲ್ಲ, ಅಂಥದೇ ವಸ್ತು. ತುದಿಗೆ ಆಸರೆ ಬೇಕಾದಾಗ ಎರಡು ಹೊಳ್ಳೆಗಳ ನಡುವಿನ ಗೋಡೆಯಿಂದ ಚೂರು ತೆಗೆದು ಜೋಡಿಸುತ್ತಾರೆ. ಆದರೆ ಆ ಗೋಡೆಯ ಮೇಲಂಚು ಮತ್ತು ಮುಂದಿನ ಅಂಚಿನಲ್ಲಿ ಸುಮಾರು 1 ಸೆಂ.ಮೀ. ಅಗಲದ ಪಟ್ಟಿ ಉಳಿಯಲೇಬೇಕು. ಇಲ್ಲದಿದ್ದರೆ ಬರಬರುತ್ತ ಮೂಗಿನ ದಿಣ್ಣೆ ಕುದುರೆಯ ಜೀನಿನ ಹಾಗೆ ತಗ್ಗು ಬೀಳುತ್ತದೆ. ಸಾಲದೆ ಹೋದರೆ ಕಿವಿಯಿಂದಲೋ ಪಕ್ಕೆಲುಬಿನಿಂದಲೋ ತೆಗೆಯಬೇಕಾಗುತ್ತದೆ. ಅಲ್ಲಿಯೂ ಒಂದು ಗಾಯ ಇರುತ್ತದೆ. ನಮ್ಮಲ್ಲಿ ಬಹಳ ಜನರಿಗೆ ಮೂಗಿನ ತುದಿಯ ಚರ್ಮ ದಪ್ಪ. ಅದರ ಕೆಳಗೆ ಕೊರೆದಷ್ಟೂ ಚರ್ಮ ಕುಗ್ಗುವುದಿಲ್ಲ, ಆಸರೆ ತಪ್ಪಿ ತುದಿ ಇನ್ನಷ್ಟು ಗುಂಡಗಾಗುತ್ತದೆ. ಹಾಗಾಗಿ 'ಎಷ್ಟು ತೆಗೆಯುತ್ತೀರಿ' ಅನ್ನುವುದಕ್ಕಿಂತ 'ಎಷ್ಟು ಉಳಿಸುತ್ತೀರಿ, ಆಸರೆಗೆ ಎಲ್ಲಿಂದ ತರುತ್ತೀರಿ' ಅಂತ ಕೇಳಿ. ನೇರ ಉತ್ತರ ಬರಬೇಕು.

ಡಾಕ್ಟರು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿಎನ್‌ಬಿ (ಈಗ ಡಿಆರ್‌ಎನ್‌ಬಿ) ಎಂಬ ಉನ್ನತ ಪದವಿ ಪಡೆದವರು, ಇಲ್ಲವೇ ಕಿವಿ-ಮೂಗು-ಗಂಟಲಿನ (ಇಎನ್‌ಟಿ) ಓದು ಮುಗಿಸಿ ಈ ಕೆಲಸದಲ್ಲೇ ಪಳಗಿದವರು ಆಗಬೇಕು. ಕರ್ನಾಟಕದಲ್ಲಾದರೆ ಅವರ ನೋಂದಣಿಯನ್ನು ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲಿ, ಖಾಸಗಿ ಆಸ್ಪತ್ರೆಗಳು ಪಡೆಯಬೇಕಾದ ಕೆಪಿಎಂಇ ನೋಂದಣಿಯ ಪ್ರಮಾಣಪತ್ರವನ್ನು ಗೋಡೆಯ ಮೇಲೆ ನೋಡಿಕೊಳ್ಳಿ. ನಿಮ್ಮಂಥದೇ ಮೂಗಿನವರ, ವರ್ಷ ಕಳೆದ ಮೇಲಿನ ಫೋಟೋ ಕೇಳಿ. ಕಂಪ್ಯೂಟರಿನಲ್ಲಿ ತೋರಿಸುವ ಚಿತ್ರ ಅಂದಾಜು ಮಾತ್ರ. 'ಆಪರೇಷನ್ನೇ ಬೇಡ, ಒಂದು ಇಂಜೆಕ್ಷನ್ ಸಾಕು' ಅನ್ನುವ ಫಿಲ್ಲರ್ (ಚರ್ಮದಡಿ ತುಂಬುವ ಜೆಲ್) ಹಗುರ ವಿಷಯವಲ್ಲ: ರಕ್ತನಾಳಕ್ಕೆ ಹೊಕ್ಕರೆ ಚರ್ಮ ಕೊಳೆಯಬಹುದು, ಕಣ್ಣೇ ಹೋಗಬಹುದು. ಬರೀ ಅಂದಕ್ಕೆ ಮಾಡಿಸಿದರೆ ವಿಮೆ ಸಿಗುವುದಿಲ್ಲ. ಅಪಘಾತದಲ್ಲಿ ಮುರಿದ ಮೂಗಾದರೆ ಕೇಳಿ ನೋಡಿ.

ಹುಡುಗಿಯರಿಗೆ ಸುಮಾರು 16, ಹುಡುಗರಿಗೆ 17-18 ವರ್ಷ ತುಂಬುವವರೆಗೆ ಮುಖ ಬೆಳೆಯುತ್ತಿರುತ್ತದೆ, ಕಾಯಿರಿ. ಸಿಗರೇಟು, ಗುಟ್ಕಾ ಕನಿಷ್ಠ 4 ವಾರ ಮೊದಲೇ ನಿಲ್ಲಬೇಕು. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುವುದರಿಂದ ಗಾಯ ಸರಿಯಾಗಿ ಮಾಯುವುದಿಲ್ಲ. ಆಸ್ಪಿರಿನ್, ಐಬುಪ್ರೊಫೇನ್, ವಿಟಮಿನ್ ಇ, ಮೀನೆಣ್ಣೆ ಮಾತ್ರೆಗಳು ರಕ್ತಸ್ರಾವ ಹೆಚ್ಚಿಸಬಹುದು. ಸಾಮಾನ್ಯವಾಗಿ 2 ವಾರ ಮೊದಲು ನಿಲ್ಲಿಸುತ್ತಾರೆ, ಆದರೆ ಹೃದಯಕ್ಕೆಂದು ಕೊಟ್ಟ ಆಸ್ಪಿರಿನ್ನನ್ನು ನೀವಾಗಿಯೇ ಬಿಡಬೇಡಿ. ಮೂಗುಬೊಟ್ಟನ್ನು ಮನೆಯಲ್ಲೇ ಬಿಚ್ಚಿಟ್ಟು ಹೋಗಿ, ಗಟ್ಟಿಯಾಗಿ ಕೂತಿದ್ದರೆ ಹಿಂದಿನ ವಾರವೇ ಅಕ್ಕಸಾಲಿಗರ ಹತ್ತಿರ ಬಿಚ್ಚಿಸಿ. ಮತ್ತೆ ಯಾವಾಗ ಹಾಕಬಹುದು ಎಂದು ಮೊದಲೇ ಕೇಳಿ, ರಂಧ್ರ ಬೇಗ ಮುಚ್ಚಿಕೊಳ್ಳುತ್ತದೆ. ಮದುವೆಯ ಮನೆಯಿದ್ದರೆ ಕನಿಷ್ಠ ಆರು ತಿಂಗಳ ಅಂತರ ಇರಲಿ.

ಪೂರ್ತಿ ಅರಿವಳಿಕೆಯಲ್ಲಿ 2-3 ಗಂಟೆಯ ಕೆಲಸ. ಮೂಗಿನ ಮೇಲಿನ ಪಟ್ಟಿ ಸುಮಾರು 7 ದಿನಕ್ಕೆ ತೆಗೆಯುತ್ತಾರೆ, ಕಣ್ಣಿನ ಕೆಳಗಿನ ಕಪ್ಪು ಎರಡು ವಾರದಲ್ಲಿ ಇಳಿಯುತ್ತದೆ. ಅಲ್ಲಿಯವರೆಗೆ ಎರಡು ದಿಂಬು ಇಟ್ಟು ತಲೆ ಎತ್ತರಿಸಿ ಮಲಗಿ. ಸೀನು ಬಂದರೆ ಬಾಯಿ ತೆರೆದು ಸೀನಿ, ಸಿಂಬಳವನ್ನು ಜೋರಾಗಿ ತೆಗೆಯಬೇಡಿ. ಕೊಡ ಎತ್ತುವುದು, ಬಗ್ಗಿ ನೆಲ ಒರೆಸುವುದು, ಕಪಾಲಭಾತಿ, ಜಲನೇತಿ ಡಾಕ್ಟರು ಹೇಳುವವರೆಗೆ ಬೇಡ. ಮೂಳೆ ಕತ್ತರಿಸಿದ್ದರೆ 4ರಿಂದ 6 ವಾರ ಕನ್ನಡಕದ ಭಾರ ಮೂಗಿನ ಮೇಲೆ ಬೀಳಬಾರದು. ಮುಖ ಮುಚ್ಚುವ ಹೆಲ್ಮೆಟ್ಟನ್ನು ಹಾಕಿ ತೆಗೆಯುವಾಗಲೂ ಮೂಗಿಗೆ ತಾಗುತ್ತದೆ, ಆ ದಿನಗಳಲ್ಲಿ ಬೈಕು ಬೇಡ.

ಮೊದಲ ದಿನಗಳಲ್ಲಿ ಎರಡೂ ಹೊಳ್ಳೆ ಕಟ್ಟಿದಂತಿರುವುದು ಸಹಜ. ಆದರೆ ನೋವು ದಿನದಿಂದ ದಿನಕ್ಕೆ ಏರುತ್ತ, ಮೂಗು ಪೂರಾ ಕಟ್ಟಿದರೆ, ಇಲ್ಲವೇ ಜ್ವರ ಬಂದರೆ ನಡುಗೋಡೆಯಲ್ಲಿ ರಕ್ತವೋ ಕೀವೋ ಕಟ್ಟಿರಬಹುದು. ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ. ತಡವಾದರೆ ಮೃದ್ವಸ್ಥಿ ಸಾಯುತ್ತದೆ.

ತುದಿಯ ಊತ ಪೂರ್ತಿ ಇಳಿಯಲು ಒಂದು ವರ್ಷ ಬೇಕು, ದಪ್ಪ ಚರ್ಮಕ್ಕೆ ಇನ್ನೂ ಹೆಚ್ಚು. ಮೂರನೇ ತಿಂಗಳಲ್ಲಿ ಕಾಣುವ ಡೊಂಕನ್ನು ಸರಿಪಡಿಸಲೆಂದು ಇನ್ನೊಂದು ಆಪರೇಷನ್ನಿಗೆ ಆತುರಪಡಬೇಡಿ.