ಕಾಲು ಉದ್ದ ಮಾಡ್ಸೋ ಆಪರೇಷನ್ ಬೇಕಾ ಬೇಡ್ವಾ, ತೀರ್ಮಾನ ಮಾಡೋದು ಹೇಗೆ

ನನ್ನ ಎತ್ತರ 162 ಸೆಂಟಿಮೀಟರ್. ಬೆಳಿಗ್ಗೆ ಎದ್ದ ತಕ್ಷಣ ಅಳೆದ್ರೆ 163 ದಾಟತ್ತೆ, ರಾತ್ರಿ ಹೊತ್ತಿಗೆ ಮತ್ತೆ ಇಳಿದಿರತ್ತೆ, ಬೆನ್ನುಮೂಳೆ ಡಿಸ್ಕ್‌ಗಳು ದಿನವಿಡೀ ಅದುಮಿಕೊಂಡು ಎಲ್ಲರಿಗೂ ಸೆಂಟಿಮೀಟರ್ ಒಂದೂವರೆ ಸೆಂಟಿಮೀಟರ್ ಹೀಗೆ ಹೋಗಿ ಬರತ್ತೆ, ಇದನ್ನ ಗೋಡೆ ಮೇಲೆ ಪೆನ್ಸಿಲ್ ಗೀಟು ಹಾಕಿ ದಿನಕ್ಕೆರಡು ಸಲ ಅಳೀತಿದ್ದ ಹುಚ್ಚ ನಾನು. ಎರಡು ವರ್ಷ ಈ ಆಪರೇಷನ್ ಬಗ್ಗೆ ಓದಿ, ಇಬ್ರು ಡಾಕ್ಟರ್ ಹತ್ರ ಹೋಗಿಬಂದು, ಕೊನೆಗೆ ಬೇಡ ಅಂತ ಬಿಟ್ಟೆ. ನೀವೂ ಬಿಡಿ ಅನ್ನೋಕೆ ಬರೀತಿಲ್ಲ, ಮಾಡಿಸ್ಕೊಂಡು ಖುಷಿಯಾಗಿರೋರು ಇದ್ದಾರೆ. ಆದ್ರೆ ಎಲ್ರೂ ಮೊದಲು ಕೇಳೋದು ಎಷ್ಟು ಸೆಂಟಿಮೀಟರ್ ಸಿಗತ್ತೆ ಅಂತ. ಆ ಸೆಂಟಿಮೀಟರ್ ಬರೋವರೆಗಿನ ಒಂದು ವರ್ಷನ ನಿಮ್ಮಿಂದ ಕಳೆಯೋಕಾಗತ್ತಾ ಅನ್ನೋದನ್ನ ಮೊದಲು ನೋಡಿ.

ಇನ್ನೂ ಹದಿನೆಂಟು ದಾಟಿಲ್ಲ ಅಂದ್ರೆ ಇಲ್ಲಿಗೇ ನಿಲ್ಲಿಸಿ, ಹೋಗಿ ಕೈ ಮಣಿಕಟ್ಟಿನ ಎಕ್ಸ್‌ರೇ ತೆಗೆಸಿ. ಮೂಳೆ ತುದಿಲಿರೋ ಗ್ರೋತ್ ಪ್ಲೇಟ್, ಅಂದ್ರೆ ಮೂಳೆ ಉದ್ದ ಬೆಳೆಯೋ ಪದರ, ಮುಚ್ಚಿದ್ಯಾ ಇಲ್ವಾ ಅಂತ ಅದ್ರಲ್ಲಿ ಗೊತ್ತಾಗತ್ತೆ, ಸಾಮಾನ್ಯವಾಗಿ ಹುಡುಗೀರಿಗೆ 14ರಿಂದ 16, ಹುಡುಗರಿಗೆ 16ರಿಂದ 18ರ ಆಸುಪಾಸಲ್ಲಿ ಮುಚ್ಚತ್ತೆ. ಮುಚ್ಚಿದ್ಮೇಲೆ ಪುಡಿ, ಮಾತ್ರೆ, ಕಂಬಿಗೆ ಜೋತಾಡೋದು, ಯಾವುದ್ರಿಂದಲೂ ಮೂಳೆ ಉದ್ದ ಆಗಲ್ಲ, ಆ ದುಡ್ಡು ಉಳಿಸ್ಕೊಳ್ಳಿ.

ಈಗ ಆಪರೇಷನ್‌ಲಿ ನಿಜವಾಗಿ ಏನು ಮಾಡ್ತಾರೆ ಅಂತ. 1950ರ ದಶಕದಲ್ಲಿ ಸೈಬೀರಿಯಾದ ಕುರ್ಗಾನ್‌ಲಿ ಇಲಿಝರೋವ್ ಅನ್ನೋ ಡಾಕ್ಟರ್ ಮುರಿದ ಕಾಲಿಗೆ ಉಂಗುರದ ಫ್ರೇಮ್ ಹಾಕಿ ರಿಪೇರಿ ಮಾಡ್ತಿದ್ರು, ಕತ್ತರಿಸಿದ ಮೂಳೇನ ನಿಧಾನಕ್ಕೆ ದೂರ ಸರಿಸಿದ್ರೆ ನಡುವೆ ಹೊಸ ಮೂಳೆ ಹುಟ್ಟತ್ತೆ ಅಂತ ತೋರಿಸಿದ್ದು ಅವರೇ. 1964ರ ಟೋಕಿಯೋ ಒಲಿಂಪಿಕ್ಸ್‌ಲಿ ಹೈಜಂಪ್ ಚಿನ್ನ ಗೆದ್ದ ಬ್ರುಮೆಲ್ ಮುಂದಿನ ವರ್ಷ ಬೈಕ್ ಆಕ್ಸಿಡೆಂಟ್‌ಲಿ ಕಾಲು ಪುಡಿ ಮಾಡ್ಕೊಂಡಾಗ ಕೊನೆಗೆ ಹೋಗಿದ್ದೂ ಇವರ ಹತ್ರಾನೇ. ಅಂದ್ರೆ ಈ ವಿದ್ಯೆ ಬೆಳೆದಿದ್ದು ಕಾಲು ಹಾಳಾದೋರಿಗೆ, ನಾವು ಚೆನ್ನಾಗಿರೋ ಎರಡು ಕಾಲನ್ನ ತಗೊಂಡು ಹೋಗ್ತಿದೀವಿ ಅನ್ನೋದು ನೆನಪಿರಲಿ.

ಲೆಕ್ಕ ಹೀಗಿದೆ. ಮೂಳೆ ಕತ್ತರಿಸಿ ಸುಮಾರು ಐದಾರು ದಿನ, ಒಂದು ವಾರ ಸುಮ್ನೆ ಬಿಡ್ತಾರೆ, ಆಮೇಲೆ ದಿನಕ್ಕೆ 1 ಮಿಲಿಮೀಟರ್ ಎಳೀಬೇಕು, ಅದನ್ನೂ ಒಂದೇ ಸಲಕ್ಕಲ್ಲ, ಕಾಲು ಕಾಲು ಮಿಲಿಮೀಟರ್ ಹಾಗೆ ನಾಲ್ಕು ಸಲ. 6 ಸೆಂಟಿಮೀಟರ್ ಬೇಕಂದ್ರೆ ಎಳೆಯೋಕೇ ಎರಡು ತಿಂಗಳು, ಆಮೇಲೆ ಆ ಹೊಸ ಮೂಳೆ ಗಟ್ಟಿಯಾಗೋಕೆ ಸೆಂಟಿಮೀಟರ್‌ಗೆ ಒಂದು ತಿಂಗಳೋ ಅದಕ್ಕಿಂತ ಜಾಸ್ತಿನೋ. ಊರುಗೋಲು ಬಿಟ್ಟು ಧೈರ್ಯವಾಗಿ ನಡೆಯೋ ಹೊತ್ತಿಗೆ ಆರು ತಿಂಗಳಿಂದ ಒಂದು ವರ್ಷ, ಓಡೋದು ಅದಕ್ಕೂ ಆಚೆ. ಮೂಳೆ ಒಳಗೆ ರಾಡ್ ಹಾಕಿದ್ರೆ ಅದನ್ನ ತೆಗೆಯೋಕೆ ಒಂದೆರಡು ವರ್ಷ ಆದ್ಮೇಲೆ ಇನ್ನೊಂದು ಆಪರೇಷನ್, ಇದನ್ನ ಯಾರೂ ತಾವಾಗೇ ಹೇಳಲ್ಲ.

ನಿಜವಾದ ಕಷ್ಟ ಮೂಳೇದಲ್ಲ. ಮೂಳೆ ಬೆಳೀತದೆ, ಆದ್ರೆ ಸ್ನಾಯು ನರ ರಕ್ತನಾಳ ಎಲ್ಲಾ ಅದರ ಜೊತೆ ಬಲವಂತವಾಗಿ ಎಳೆಸ್ಕೊಳ್ತವೆ. ಎರಡನೇ ಡಾಕ್ಟರ್ ಹತ್ರ ಹೋದಾಗ ಫಿಸಿಯೋ ರೂಮಿನ ಬಾಗಿಲು ತೆರೆದಿತ್ತು, ಒಬ್ಬ ಹುಡುಗ ಮಂಚದ ಮೇಲೆ ಕಾಲು ಚಾಚಿ ಕೂತು ಅಂಗಾಲಿಗೆ ಟವೆಲ್ ಸುತ್ತಿ ಎರಡೂ ಕೈಲಿ ತನ್ನ ಕಡೆಗೆ ಎಳ್ಕೊಳ್ತಿದ್ದ, ಪಾದ ಮಾತ್ರ ಬ್ಯಾಲೆ ಡ್ಯಾನ್ಸರ್ ಥರ ಮುಂದಕ್ಕೇ ಬಾಗಿತ್ತು, ಎಳೆದಾಗ ಒಂದು ಬೆರಳಷ್ಟು ವಾಪಸ್ ಬಂದು ಬಿಟ್ಟ ತಕ್ಷಣ ಮತ್ತೆ ಹೋಗ್ತಿತ್ತು. ಮೀನಖಂಡ ಬಿಗಿಯಾಗಿ ಹಿಮ್ಮಡಿ ನೆಲಕ್ಕೆ ಮುಟ್ಟದೇ ಇರೋದು ಅಂದ್ರೆ ಇದೇ. ದಿನಾ ಎಷ್ಟೊತ್ತು ಮಾಡ್ತೀರ ಅಂತ ಕೇಳಿದೆ, ಮೂರ್ನಾಲ್ಕು ಗಂಟೆ ಅಂದ, ಮುಖದಲ್ಲಿ ಬೆವರು. ನಾನು ಜಿಮ್‌ಗೆ ಹತ್ತು ದಿನ ನೆಟ್ಟಗೆ ಹೋದವನಲ್ಲ.

ಇದಲ್ಲದೆ ಆಗಬಹುದಾದ್ದು: ಹೊರಗಿನ ಫ್ರೇಮ್‌ನ ಪಿನ್ ಚರ್ಮದೊಳಗೆ ಹೋಗೋ ಜಾಗದಲ್ಲಿ ಕೀವು, ನರಕ್ಕೆ ಪೆಟ್ಟಾಗಿ ಪಾದ ಮೇಲಕ್ಕೆತ್ತೋಕಾಗದೇ ಇರೋದು, ಎಳೆದು ಮುಗಿಯೋ ಮೊದಲೇ ಮೂಳೆ ಗಟ್ಟಿಯಾಗಿಬಿಡೋದು ಅಥವಾ ಗಟ್ಟಿನೇ ಆಗದೆ ಉಳಿಯೋದು, ಕಾಲು ಸೊಟ್ಟ ಆಗೋದು, ರಾಡ್ ಮುರಿಯೋದು. ಅಪರೂಪ ಆದ್ರೂ ರಕ್ತ ಹೆಪ್ಪುಗಟ್ಟಿ ಅಥವಾ ಮಜ್ಜೆಯ ಕೊಬ್ಬು ರಕ್ತಕ್ಕೆ ಸೇರಿ ಶ್ವಾಸಕೋಶಕ್ಕೆ ಹೋದ್ರೆ ಜೀವಕ್ಕೇ ಅಪಾಯ. ಚೀನಾ ಸರ್ಕಾರ 2006ರಲ್ಲಿ ಬರೀ ಎತ್ತರಕ್ಕೋಸ್ಕರ ಇದನ್ನ ಮಾಡೋದನ್ನೇ ನಿಲ್ಲಿಸ್ತು, ವೈದ್ಯಕೀಯ ಕಾರಣ ಇದ್ರೆ ಮಾತ್ರ ಅಂತ.

ಎಷ್ಟು, ಎಲ್ಲಿ ಅನ್ನೋದು. ಮೊಣಕಾಲ ಕೆಳಗೆ 5 ಸೆಂಟಿಮೀಟರ್ ಆಸುಪಾಸು, ತೊಡೆಲಿ 6, ಹೆಚ್ಚಂದ್ರೆ 8, ಅದರ ಆಚೆ ಹೋದಷ್ಟೂ ತೊಂದರೆ ಏರ್ತಾ ಹೋಗತ್ತೆ. ಒಂದೇ ಸಲಕ್ಕೆ ಹದಿನೈದು ಸೆಂಟಿಮೀಟರ್ ಕೊಡಿಸ್ತೀನಿ ಅನ್ನೋರು ಸಿಕ್ಕಿದ್ರೆ ಎದ್ದು ಬನ್ನಿ. ಕೈ ಉದ್ದ ಆಗಲ್ಲ, ಮುಂಡ ಉದ್ದ ಆಗಲ್ಲ, ಕಾಲು ಮಾತ್ರ, ಹಾಗಾಗಿ ಕನ್ನಡಿಲಿ ಹೇಗೆ ಕಾಣತ್ತೆ ಅಂತ ಫೋಟೋ ಮೇಲೆ ಗೀಚಿಯಾದ್ರೂ ನೋಡ್ಕೊಳ್ಳಿ.

ಹೊರಗಿನ ಫ್ರೇಮ್ ಹಳೇ ದಾರಿ, ಫ್ರೇಮ್ ಜೊತೆ ಒಳಗೆ ರಾಡ್ ಹಾಕೋದು ಇನ್ನೊಂದು, ಆಮೇಲೆ ಪೂರ್ತಿ ಒಳಗಿರೋ ಮ್ಯಾಗ್ನೆಟ್ ರಾಡ್, ಚರ್ಮದ ಮೇಲೆ ರಿಮೋಟ್ ಥರದ ಮಷೀನ್ ಇಟ್ರೆ ಒಳಗೆ ತಾನೇ ಉದ್ದ ಆಗತ್ತೆ. ಪಿನ್ ಇಲ್ಲದ್ದರಿಂದ ಇದು ಮೈಗೆ ಹಗುರ, ಜೇಬಿಗೆ ಭಾರ, ಒಳಗಿರೋವರೆಗೂ ಎಂಆರ್‌ಐ ಮಾಡಿಸೋಕಾಗಲ್ಲ. ಹೊಸದು ಅಂದ ತಕ್ಷಣ ಒಳ್ಳೇದು ಅಂದ್ಕೋಬೇಡಿ, ಸ್ಟ್ರೈಡ್ ಅನ್ನೋ ರಾಡ್ ಹಾಕಿದ್ರೆ ಬೇಗ ಪೂರ್ತಿ ಭಾರ ಹಾಕಿ ನಡೀಬಹುದು ಅಂತ ದೊಡ್ಡ ಹೆಸರಿತ್ತು, ರಾಡ್‌ನ ಎರಡು ಭಾಗ ಕೂಡೋ ಜಾಗದ ಹತ್ರ ತುಕ್ಕು, ಮೂಳೆ ಸವೆತ ಕಂಡುಬಂದು 2021ರಲ್ಲಿ ಮಾರ್ಕೆಟ್‌ನಿಂದ ವಾಪಸ್ ಹೋಯ್ತು.

ಈಗ ಮನೇಲೇ ಮಾಡೋ ಎರಡು ಪರೀಕ್ಷೆ, ನನ್ನ ಮಟ್ಟಿಗೆ ಡಾಕ್ಟರ್ ಮಾತಿಗಿಂತ ಇವೇ ಜಾಸ್ತಿ ಹೇಳಿದ್ದು. ಒಂದು, ಶೂ ಒಳಗೆ ಎತ್ತರದ ಪ್ಯಾಡ್ ಹಾಕಿ, ಹಿಮ್ಮಡಿ ದಪ್ಪ ಇರೋ ಶೂ ತಗೊಂಡು ಐದಾರು ಸೆಂಟಿಮೀಟರ್ ಜಾಸ್ತಿ ಮಾಡ್ಕೊಂಡು ಒಂದು ತಿಂಗಳು ಓಡಾಡಿ, ಆಫೀಸು ಮದುವೆ ಎಲ್ಲಾ ಕಡೆಗೂ. ಪ್ರತಿ ರಾತ್ರಿ ಎರಡು ಸಾಲು ಬರೆದಿಡಿ, ಇವತ್ತು ಎತ್ತರದಿಂದ ಏನು ಬದಲಾಯ್ತು ಅಂತ. ನನ್ನ ನೋಟ್‌ಬುಕ್‌ಲಿ ಮೊದಲ ವಾರ ಖುಷಿಯಿತ್ತು, ಮೂರನೇ ವಾರಕ್ಕೆ ಬರೀ ಕಾಲುನೋವು ಅಂತ ಇದೆ, ಜನ ಗಮನಿಸಿದ್ದು ಒಬ್ಬ ಗೆಳೆಯ, ಅವನೂ ಶೂ ಚೆನ್ನಾಗಿದೆ ಅಂದ. ನಿಮಗೆ ಉಲ್ಟಾ ಅನುಭವ ಆಗಬಹುದು, ಆದ್ರೆ ಅದೂ ಒಂದು ಉತ್ತರ ತಾನೇ.

ಎರಡನೇದು, ಶನಿವಾರ ಭಾನುವಾರ ವಾಕರ್ ಬಾಡಿಗೆಗೆ ತಂದು ಕಾಲಿನ ಮೇಲೆ ಆದಷ್ಟು ಕಮ್ಮಿ ಭಾರ ಹಾಕಿ ಮನೇಲಿ ಓಡಾಡಿ. ಬಾತ್‌ರೂಮ್ ಬಾಗಿಲಲ್ಲಿ ವಾಕರ್ ಹಿಡಿಯತ್ತಾ, ಮೆಟ್ಟಿಲು ಎಷ್ಟಿದೆ, ರಾತ್ರಿ ಎರಡು ಗಂಟೆಗೆ ನೀರು ಬೇಕಂದ್ರೆ ಯಾರು ಏಳ್ತಾರೆ. ಆ ಏಳೋರನ್ನ ಕೂರಿಸ್ಕೊಂಡು ಮಾತಾಡಿ, ಮೂರು ತಿಂಗಳು ಅವರದ್ದೂ ನಿಮ್ಮ ಜೊತೆ ಹೋಗತ್ತೆ. ನಾನು ಭಾನುವಾರ ಮಧ್ಯಾಹ್ನಕ್ಕೇ ವಾಕರ್ ಮೂಲೆಗಿಟ್ಟೆ.

ತಲೆ ವಿಷಯಾನೂ ಹೇಳ್ಲೇಬೇಕು. ದಿನಕ್ಕೆ ಗಂಟೆಗಟ್ಲೆ ಎತ್ತರದ ಬಗ್ಗೆನೇ ಯೋಚನೆ, ಫೋಟೋಲಿ ನಿಲ್ಲಲ್ಲ, ಹೊರಗೆ ಹೋಗೋದೇ ಬಿಟ್ಟಿದೀರ ಅಂದ್ರೆ ಮೊದಲು ಸೈಕಾಲಜಿಸ್ಟ್ ಹತ್ರ ಹೋಗಿ. ಮೈಯಲ್ಲಿ ಒಂದು ಕೊರತೆ ಇದೆ ಅಂತ ಮನಸ್ಸು ಹಿಡ್ಕೊಂಡಿರೋರಿಗೆ ಆಪರೇಷನ್ ಆದ್ಮೇಲೂ ಮನಸ್ಸು ಬಿಡಲ್ಲ, ಇನ್ನೊಂದು ಕೊರತೆ ಹುಡುಕತ್ತೆ. ಒಳ್ಳೆ ಸರ್ಜನ್ ತಾವೇ ಕಳಿಸ್ತಾರೆ, ಕಳಿಸದೇ ಅಡ್ವಾನ್ಸ್ ಕೇಳಿದ್ರೆ ಅನುಮಾನ ಪಡಿ.

ಇಷ್ಟಾದ್ಮೇಲೂ ಬೇಕು ಅನ್ಸಿದ್ರೆ ಡಾಕ್ಟರ್‌ನ ಕೇಳೋದಿಷ್ಟು: ಬರೀ ಎತ್ತರಕ್ಕೆ ಅಂತ ಎಷ್ಟು ಜನಕ್ಕೆ ಮಾಡಿದೀರ, ಅದ್ರಲ್ಲಿ ಎಷ್ಟು ಜನಕ್ಕೆ ಲೆಕ್ಕದಲ್ಲಿಲ್ಲದ ಇನ್ನೊಂದು ಆಪರೇಷನ್ ಬೇಕಾಯ್ತು, ಅಂದ್ಕೊಂಡ ಹಾಗೆ ಆಗದ ಒಬ್ಬರ ಜೊತೆ ಮಾತಾಡ್ಸ್ತೀರಾ, ಪಾದ ಮರಗಟ್ಟಿದ್ರೆ ಎಳೆಯೋದನ್ನ ನಿಲ್ಲಿಸೋದು ಯಾರು, ಹೇಳಿದ ಖರ್ಚಲ್ಲಿ ಫಿಸಿಯೋ ಮತ್ತು ರಾಡ್ ತೆಗೆಯೋದು ಸೇರಿದ್ಯಾ. ಸಿಗರೇಟ್ ಸೇದ್ತೀರಾ ಅಂತ ಅವರು ನಿಮ್ಮನ್ನ ಕೇಳ್ಬೇಕು, ನಿಕೋಟಿನ್ ಇದ್ರೆ ಮೂಳೆ ಕೂಡೋದು ನಿಧಾನ, ಕೇಳದಿದ್ರೆ ಅದೂ ಲೆಕ್ಕಕ್ಕೆ ತಗೊಳ್ಳಿ. ದುಡ್ಡಿನ ವಿಷಯದಲ್ಲಿ, ಸಾಲ ಮಾಡಿ ಹೋಗ್ಬೇಡಿ, ಒಂದು ವರ್ಷದ ಮನೆ ಖರ್ಚು ಮತ್ತು ಲೆಕ್ಕದಲ್ಲಿಲ್ಲದ ಇನ್ನೊಂದು ಆಪರೇಷನ್‌ನ ದುಡ್ಡು ಪಕ್ಕಕ್ಕಿಟ್ಟೇ ಹೋಗಿ, ಅರ್ಧ ಎಳೆದ ಕಾಲಿಟ್ಕೊಂಡು ದುಡ್ಡಿಗೆ ಅಲೆಯೋಕಾಗಲ್ಲ.

ಬೇರೆ ದೇಶಕ್ಕೆ ಹೋಗಿ ಮಾಡಿಸೋದಾದ್ರೆ ಎಳೆಯೋದು ಮುಗಿಯೋವರೆಗೂ ಅಲ್ಲೇ ಇರಿ, ಪ್ಯಾಕೇಜ್‌ಲಿ ಮೂರು ವಾರ ಅಂತಿದ್ರೂ. ಎರಡು ವಾರಕ್ಕೊಂದು ಎಕ್ಸ್‌ರೇ ನೋಡಿ ವೇಗ ಹೆಚ್ಚು ಕಮ್ಮಿ ಮಾಡೋದೇ ಅರ್ಧ ಚಿಕಿತ್ಸೆ. ಊರಿಗೆ ಬಂದ್ಮೇಲೆ ತೊಂದರೆ ಆದ್ರೆ ಬೇರೆಯವರು ಹಾಕಿದ ರಾಡ್ ಮುಟ್ಟೋಕೆ ಇಲ್ಲಿನ ಡಾಕ್ಟರ್‌ಗಳು ಹಿಂದೆಮುಂದೆ ನೋಡ್ತಾರೆ, ಹೋಗೋ ಮೊದಲೇ ಒಬ್ಬರನ್ನ ಕಂಡು ಒಪ್ಪಿಸಿಟ್ಕೊಳ್ಳಿ, ರಾಡ್‌ನ ಹೆಸರು ಮಾಡೆಲ್ ನಂಬರ್ ಕಾಗದದ ಮೇಲೆ ಬರೆಸ್ಕೊಂಡೇ ಬನ್ನಿ.