ಮನೆ ಹಿಂದಿನ ಧರೆ ಮೂರು ಮಳೆಗಾಲ ನಿಂತಿತು

ಕಳೆದ ಪುಷ್ಯ ಮಳೆ ನಾಲ್ಕು ದಿನ ಬಿಡದೆ ಹೊಯ್ದಾಗಲೂ ನಮ್ಮ ಮನೆ ಹಿಂದಿನ ಧರೆಯಿಂದ, ಅಂದರೆ ಗುಡ್ಡ ಕಡಿದಲ್ಲಿ ನಿಂತ ಮಣ್ಣಿನ ಗೋಡೆಯಿಂದ, ಒಂದು ಬುಟ್ಟಿ ಮಣ್ಣೂ ಅಂಗಳಕ್ಕೆ ಬೀಳಲಿಲ್ಲ. ಇದು ಮೂರನೆಯ ಮಳೆಗಾಲ. ಗುಡ್ಡಕ್ಕೆ ಪೈಪು ಚುಚ್ಚಿ ನಿಲ್ಲಿಸುತ್ತಾನಂತೆ ಎಂದು ನಕ್ಕವರೇ ಈಗ ಬಂದು ನೋಡಿ ಹೋಗುತ್ತಿದ್ದಾರೆ. ಹಾಗಾಗಿ ಬರೆಯುವ ಧೈರ್ಯ ಬಂದಿದೆ.

ನಮ್ಮದು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕು, ನಗರ ಎಂಬ ಊರಿನ ಕಡೆ. ಮಳೆಯ ವಿಷಯ ಬೇರೆ ಹೇಳಬೇಕಾಗಿಲ್ಲ. ಅಪ್ಪ ಹಾರೆ ಪಿಕಾಸಿಯಲ್ಲಿ ಕಡಿಸಿದ ಧರೆ ಎಂಟಡಿ ಇತ್ತು, ಓರೆಯಾಗಿಯೂ ಇತ್ತು. ಅಡಿಕೆ ಒಣಗಿಸಲು ಅಂಗಳ ಸಾಲದೆಂದು ನಾನು ಹಿಟಾಚಿ ತರಿಸಿ ಇಪ್ಪತ್ತಡಿ ನೆಟ್ಟಗೆ ತೆಗೆಸಿದೆ. ಮೇಲೆ ಏಳೆಂಟು ಅಡಿ ಜಂಬಿಟ್ಟಿಗೆ, ಅಂದರೆ ತೂತುತೂತಾದ ಕೆಂಪು ಕಲ್ಲು; ಕೆಳಗೆಲ್ಲ ಶೇಡಿ, ಅಂದರೆ ನುಣುಪಾದ ಜೇಡಿಮಣ್ಣು. ಜಂಬಿಟ್ಟಿಗೆ ನೀರನ್ನು ಜರಡಿಯಂತೆ ಇಳಿಸುತ್ತದೆ, ಶೇಡಿ ಅದನ್ನು ಮುಂದಕ್ಕೆ ಬಿಡುವುದಿಲ್ಲ. ಎರಡರ ನಡುವೆ ನಿಂತ ನೀರು ಶೇಡಿಯನ್ನು ಬೆಣ್ಣೆ ಮಾಡುತ್ತದೆ. ಮಲೆನಾಡಿನಲ್ಲೆಲ್ಲ ಗುಡ್ಡ ಜಾರಿದ 2019ರ ಆಗಸ್ಟ್‌ನಲ್ಲಿ ನಮ್ಮ ಧರೆಯೂ ಬಂತು. ಕೊಟ್ಟಿಗೆಯ ಹಿಂಗೋಡೆ ಹೋಯಿತು, ದನಗಳು ಉಳಿದವು.

ಮರು ಬೇಸಿಗೆಯಲ್ಲಿ ಕಲ್ಲಿನ ಗೋಡೆ ಕಟ್ಟಿಸಿದೆ. ಒಂದು ಲಕ್ಷದ ಎಪ್ಪತ್ತೈದು ಸಾವಿರವೋ ಎಂಬತ್ತೋ ಆಯಿತು, ಮಣ್ಣು ಸಾಗಿಸಿದ ಖರ್ಚು ಬೇರೆ. ನೀರು ಹೋಗಲು ಲೆಕ್ಕಕ್ಕೆಂದು ನಾಲ್ಕು ತೂತು ಬಿಟ್ಟಿದ್ದರು. ಶೇಡಿ ಬಂದು ಅವನ್ನು ಮುಚ್ಚಿತು. ಪುಷ್ಯ ಮಳೆಗೆ ಗೋಡೆಗೆ ಹೊಟ್ಟೆ ಬಂತು, ಆಶ್ಲೇಷಕ್ಕೆ ಹೆರಿಗೆಯಾಯಿತು.

ಎರಡನೆಯ ಸೋಲು ಹೇಳಿಕೊಳ್ಳಲು ನಾಚಿಕೆ. ಊರಿನಲ್ಲಿ ಇಂಗುಗುಂಡಿಯ ಬಗ್ಗೆ ಭಾಷಣ ಮಾಡುತ್ತಿದ್ದವನು ನಾನೇ. ಗುಡ್ಡದ ನೀರು ಹರಿದು ಬರುವುದರಿಂದಲೇ ಧರೆ ಕುಸಿಯುತ್ತದೆಂದು ತೀರ್ಮಾನಿಸಿ, ಧರೆಯ ಮೇಲಿನ ಸೊಪ್ಪಿನಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರುವ ಕಾಡಿನಲ್ಲಿ) ಹದಿನಾಲ್ಕು ಗುಂಡಿ ತೆಗೆಸಿದೆ. ಏಪ್ರಿಲ್‌ನಲ್ಲೂ ಬಾವಿಯಲ್ಲಿ ನೀರಿತ್ತು, ಬೀಗಿದೆ. ಆದರೆ ಆ ಮಳೆಗಾಲದಲ್ಲಿ ಧರೆಯ ಅಂಚಿನಿಂದ ಹತ್ತಡಿ ಹಿಂದೆ, ಗುಂಡಿಗಳ ಸಾಲಿಗೆ ಸರಿಯಾಗಿ, ಬೆರಳು ತೂರುವಷ್ಟು ಬಿರುಕು ಬಿಟ್ಟಿತು. ಹಲಸಿನ ಮರ ಅಂಗಳದ ಕಡೆ ವಾಲಿತು. ಆಮೇಲೆ ಕುಳಿತು ಲೆಕ್ಕ ಹಾಕಿದೆ. ಮೇಲಿನ ಜಾಗ ಅರ್ಧ ಎಕರೆ. ಒಂದು ದಿನ 200 ಮಿಲಿಮೀಟರ್ ಸುರಿದರೆ ನಾಲ್ಕು ಲಕ್ಷ ಲೀಟರ್ ನೀರು. ಅದನ್ನು ಮನೆಯ ನೆತ್ತಿಯ ಮೇಲೆ ನಾನೇ ಇಂಗಿಸುತ್ತಿದ್ದೆ. ಇಂಗುಗುಂಡಿ ತಪ್ಪಲ್ಲ, ಕಡಿದ ಧರೆಯ ಮೇಲೆ ತಪ್ಪು.

ಇದನ್ನು ಖಚಿತ ಮಾಡಿಕೊಳ್ಳಲು ಒಂದು ಗುಂಡಿಗೆ ಕುಂಕುಮದ ನೀರು ಸುರಿದೆ. ಕೆಳಗೆ ಬಂದದ್ದು ತಿಳಿನೀರು, ಮಣ್ಣು ಸೋಸಿಬಿಟ್ಟಿತ್ತು. ಮಳೆ ಬಿಟ್ಟು ಹೊಳವಾದ ಇನ್ನೊಂದು ದಿನ ಐದು ಕಿಲೋ ಕಲ್ಲುಪ್ಪು ಕರಗಿಸಿ ಹೊಯ್ದು, ಧರೆಯ ಬುಡದ ಒರತೆಯನ್ನು ಗಂಟೆಗೊಮ್ಮೆ ನೆಕ್ಕಿ ನೋಡಿದೆ. ಮನೆಯವಳಿಗೆ ನನ್ನ ತಲೆಯ ಬಗ್ಗೆಯೇ ಸಂಶಯ ಬಂದಿತ್ತು. ಸುಮಾರು ಮೂವತ್ತು ಗಂಟೆಗೆ ನಾಲಿಗೆಗೆ ಉಪ್ಪು ಹತ್ತಿತು.

ಗುಂಡಿಗಳನ್ನೆಲ್ಲ ಮುಚ್ಚಿದೆ, ಬಿರುಕಿಗೆ ಜೇಡಿಮಣ್ಣು ಬಡಿದೆ. ಅಂಚಿನಿಂದ ಹದಿನೈದಡಿ ಮೇಲೆ ಅಗಳ (ಆಳದ ಕಾಲುವೆ) ಹೊಡೆಸಿ ಟಾರ್ಪಾಲು ಹಾಸಿ ನೀರನ್ನು ಪಕ್ಕದ ಹಳ್ಳಕ್ಕೆ ತಿರುಗಿಸಿದೆ. ಇಳಿಜಾರು ಹೆಚ್ಚಾದಲ್ಲಿ ನೀರು ಕೊರಕಲು ಮಾಡಿತು; ಅಲ್ಲಿ ಕಲ್ಲಿನ ಮೆಟ್ಟಿಲು ಕೊಟ್ಟೆ. ಟಾರ್ಪಾಲನ್ನು ಏಡಿಗಳು ತೂತು ಮಾಡಿದವು, ಈಗಲೂ ವರ್ಷಕ್ಕೊಮ್ಮೆ ತೇಪೆ ಹಾಕುತ್ತೇನೆ.

ಅಷ್ಟಾದರೂ ಒಳಗಿನ ನೀರು ಹಾಗೇ ಇತ್ತು. ವಿಟ್ಲದ ಕಡೆ ಭಾವನ ಮನೆಯಲ್ಲಿ ಸುರಂಗದ ನೀರು ಕುಡಿಯುವಾಗ ಉಪಾಯ ಹೊಳೆಯಿತು. ಅವರು ನೀರು ಬೇಕೆಂದು ಗುಡ್ಡಕ್ಕೆ ಅಡ್ಡ ಕೊರೆಯುತ್ತಾರೆ, ನಾನು ಬೇಡವೆಂದು ಕೊರೆದರಾಯಿತು. "ಭಾವ, ಇದ್ದ ಗುಡ್ಡಕ್ಕೂ ತೂತು ಮಾಡುತ್ತೀರಾ?" ಎಂದು ಅವರೇ ಕೇಳಿದರು. ವೆಲ್ಡಿಂಗ್ ಅಂಗಡಿಯಲ್ಲಿ ಹದಿನೈದಡಿ ಉದ್ದದ ಬೈರಿಗೆ ಮಾಡಿಸಿ, ಜಂಬಿಟ್ಟಿಗೆ ಮತ್ತು ಶೇಡಿ ಸೇರುವಲ್ಲಿ ಒಳಗಡೆ ತುಸು ಏರುವಂತೆ ಕೊರೆದೆವು. ಒಳಗಿನ ಗಿಣ್ಣು ಒಡೆದ ಬಿದಿರು ಮೊದಲು ಹಾಕಿದೆ, ಒಂದೇ ಮಳೆಗಾಲಕ್ಕೆ ಕೊಳೆಯಿತು. ಮುಂದೆ ತೂತು ಮಾಡಿದ ಎರಡಿಂಚಿನ ಪಿವಿಸಿ ಪೈಪು. ನೆರಳುಬಲೆ ಸುತ್ತಿದರೆ ಶೇಡಿ ಒಳನುಗ್ಗಿತು, ಹಳೆಯ ಪಂಚೆ ಸುತ್ತಿದರೆ ನೀರೇ ಬರಲಿಲ್ಲ. ಮೂರನೆಯ ಹೊದಿಕೆ ಗೆದ್ದಿತು. ಅದು ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಮನೆಗೆ ಬಂದು ಕಾಫಿ ಕುಡಿದವರಿಗೆ ತೋರಿಸುತ್ತೇನೆ. ಎಲ್ಲಿ ಕೊರೆಯಬೇಕೆಂದು ಚಳಿಗಾಲದ ಮುಂಜಾನೆ ಧರೆ ನೋಡಿ ಗುರುತಿಸುವ ಕ್ರಮವೂ ಹಾಗೆಯೇ.

ಒಟ್ಟು ಹನ್ನೊಂದು ಪೈಪು. ಜೋರು ಮಳೆಯಲ್ಲಿ ಎಲ್ಲವೂ ಸೇರಿ ನಿಮಿಷಕ್ಕೆ ಎರಡು ಕೊಡ ನೀರು ಸುರಿಸುತ್ತವೆ. ಬೈರಿಗೆ, ಪೈಪು, ಟಾರ್ಪಾಲು, ಕೂಲಿ ಎಲ್ಲ ಸೇರಿ ಅರವತ್ತು ಸಾವಿರ ದಾಟಿಲ್ಲ. ಧರೆಯ ಮುಖಕ್ಕೆ ಲಾವಂಚ ನೆಟ್ಟಿದ್ದೇನೆ. ಮೊದಲ ಸಲ ಆಶ್ಲೇಷದಲ್ಲಿ ನೆಟ್ಟು ಎಲ್ಲ ತೊಳೆದುಹೋಯಿತು, ಆರಿದ್ರೆಗೆ ಮುಂಚೆಯೇ ನೆಡಬೇಕು. ಬಿರುಕಿನ ಎರಡು ದಡಕ್ಕೂ ಗೂಟ ಹೊಡೆದು ದಾರ ಕಟ್ಟಿದ್ದೆ, ಮೂರು ವರ್ಷದಿಂದ ದಾರ ಬಿಗಿದಿಲ್ಲ. ಜನವರಿಯವರೆಗೂ ಕೊಟ್ಟಿಗೆ ತೊಳೆಯುವುದು ಪೈಪಿನ ನೀರಿನಲ್ಲೇ.

ಎಲ್ಲರಿಗಿಂತ ಜೋರಾಗಿ ನಕ್ಕಿದ್ದ ಮೇಲಿನ ಮನೆಯ ಹಿರಿಯರು ಹೋದ ತಿಂಗಳು ಬೈರಿಗೆ ಕೇಳಿಕೊಂಡು ಬಂದರು. ಇನ್ನೂ ವಾಪಸ್ಸಾಗಿಲ್ಲ. ಏಳನೆಯ ಅಡಿಗೆ ಕಲ್ಲು ತಾಗಿ ಸಿಕ್ಕಿಕೊಂಡಿದೆಯಂತೆ. ಜಗ್ಗಬೇಡಿ, ಹಿಂದಕ್ಕೆ ತಿರುಗಿಸಿ ತೆಗೆದು ಎರಡಡಿ ಪಕ್ಕಕ್ಕೆ ಕೊರೆಯಿರಿ ಎಂದು ಹೇಳಿ ಕಳಿಸಿದ್ದೇನೆ.