ಕಪ್ಪು ಗಿಲೆಮಾಟ್: ರೆಕ್ಕೆಯ ಬಿಳಿ ಮಚ್ಚೆಯಿಂದ ಗುರುತಿಸುವ ಬಗೆ

ಮುಳುಗಿ ಮೀನು ಹಿಡಿಯುವ ಹಲವು ಕಡಲಹಕ್ಕಿಗಳು ದಡದಿಂದ ಬಹುದೂರದಲ್ಲಿ ಮೇಯುವುದರಿಂದ ಅವನ್ನು ನೋಡಿ ಕಲಿಯುವುದು ಕಷ್ಟ. ಐಸ್‌ಲೆಂಡ್, ನಾರ್ವೆ, ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್‌ಗಳ ಬಂಡೆಗಲ್ಲಿನ ಕರಾವಳಿಯಲ್ಲಿ ಬದುಕುವ ಕಪ್ಪು ಗಿಲೆಮಾಟ್ ಹಾಗಲ್ಲ. ಅದು ದಡದ ಬಳಿಯ ಆಳವಿಲ್ಲದ ನೀರನ್ನೇ ನೆಚ್ಚಿಕೊಂಡಿರುತ್ತದೆ. ಶೆಟ್ಲೆಂಡ್ ದ್ವೀಪಗಳಲ್ಲಿ ಇದರ ಹೆಸರು ‘ಟೈಸ್ಟಿ’.

ಮೊದಲು ಹೊತ್ತನ್ನು ಆರಿಸಿಕೊಳ್ಳಿ. ವಸಂತದಲ್ಲಿ, ಗಾಳಿ ಅಡಗಿದ ದಿನ, ಬೆಳಕು ಹರಿದ ಮೊದಲ ಎರಡು ಮೂರು ಗಂಟೆಗಳಲ್ಲಿ ಜೋಡಿಗಳು ಗೂಡಿನ ಎದುರಿನ ನೀರಿನಲ್ಲಿ ಸೇರುತ್ತವೆ. ಗಣತಿ ಮಾಡುವವರೂ ಈ ಹೊತ್ತನ್ನೇ ನಂಬುತ್ತಾರೆ. ಪಾರಿವಾಳದಷ್ಟು ಗಾತ್ರದ ಹಕ್ಕಿ ಸಣ್ಣ ಅಲೆಗೂ ಮರೆಯಾಗುವುದರಿಂದ, ದುರ್ಬೀನನ್ನು ಅತ್ತಿತ್ತ ಆಡಿಸದೆ ಒಂದೇ ಕಡೆ ಕೆಲವು ನಿಮಿಷ ನೋಡಬೇಕು.

ಹಕ್ಕಿ ಕಂಡ ಕೂಡಲೇ ರೆಕ್ಕೆಯನ್ನು ಗಮನಿಸಿ. ಬೇಸಿಗೆಯಲ್ಲಿ ಮೈಯೆಲ್ಲ ಮಸಿಗಪ್ಪು, ರೆಕ್ಕೆಯ ಮೇಲ್ಭಾಗದ ನಡುವೆ ಮೊಟ್ಟೆಯಾಕಾರದ ಅಚ್ಚ ಬಿಳಿ ಮಚ್ಚೆ. ವೆಲ್ವೆಟ್ ಸ್ಕೋಟರ್ ಎಂಬ ಕಪ್ಪು ಕಡಲಬಾತಿಗೂ ರೆಕ್ಕೆಯಲ್ಲಿ ಬಿಳಿಯಿದೆ, ಆದರೆ ಅದು ಹಿಂದಿನ ಅಂಚಿನಲ್ಲಿರುತ್ತದೆ. ಚಳಿಗಾಲದಲ್ಲಿ ಗಿಲೆಮಾಟ್‌ನ ಮೈ ಬೂದುಬಿಳುಪಿಗೆ ತಿರುಗಿ ಬೇರೆಯೇ ಹಕ್ಕಿಯಂತೆ ಕಂಡರೂ ಮಚ್ಚೆ ಮಾತ್ರ ಉಳಿಯುತ್ತದೆ. ಮರಿಹಕ್ಕಿಗಳಲ್ಲಿ ಆ ಮಚ್ಚೆಯ ಮೇಲೆ ಕಂದು ಚುಕ್ಕೆಗಳಿರುತ್ತವೆ. ಅಲಾಸ್ಕಾದಲ್ಲಿ ನೋಡುವವರು ರೆಕ್ಕೆಯ ಅಡಿಯನ್ನೂ ನೋಡಲೇಬೇಕು, ಏಕೆಂದರೆ ಅಲ್ಲಿರುವ ಹತ್ತಿರದ ಸಂಬಂಧಿ ಪಿಜನ್ ಗಿಲೆಮಾಟ್‌ಗೆ ಅಡಿಭಾಗ ಮಬ್ಬು, ಇದಕ್ಕೆ ಬಿಳಿ. ಬಂಡೆಯೇರಿ ಕೂತಾಗ ಕೆಂಪು ಕಾಲುಗಳು ಕಾಣುತ್ತವೆ. ಅದು ಕೊಕ್ಕು ತೆರೆದು ಸೀಟಿಯಂಥ ತೆಳುದನಿ ಹೊರಡಿಸುವಾಗ ಬಾಯೊಳಗೂ ಅದೇ ಕೆಂಪು. ಅಷ್ಟು ಕಪ್ಪಿನ ನಡುವೆ ಆ ಬಣ್ಣ ಕಂಡವರಿಗೆ ಮರೆಯುವುದಿಲ್ಲ.

ಇನ್ನು ಮುಳುಗುವುದನ್ನು ಗಮನಿಸುವುದು. ಕಾರ್ಮೊರಾಂಟ್ ಎಂಬ ನೀರುಕಾಗೆ ಕಾಲಿನಿಂದ ಈಜಿದರೆ ಇದು ಅರೆತೆರೆದ ರೆಕ್ಕೆಗಳನ್ನು ಬಡಿಯುತ್ತ, ಹಾರಿದಂತೆಯೇ, ನೀರೊಳಗೆ ಇಳಿಯುತ್ತದೆ. ಕಣ್ಮರೆಯಾದ ಗಳಿಗೆಯಿಂದ ಗಡಿಯಾರ ನೋಡಿ ಸೆಕೆಂಡು ಎಣಿಸಿ ಬರೆದಿಡಿ. ತಳದ ಪಾಚಿಯ ನಡುವೆ ಮೀನು ಹುಡುಕುವಾಗ ಒಂದು ನಿಮಿಷ ದಾಟುವುದೂ ಉಂಟು.

ಗೂಡು ಬಂಡೆಯ ಬಿರುಕಿನೊಳಗೆ ಇರುತ್ತದೆ, ಸಾಮಾನ್ಯವಾಗಿ ಎರಡು ಮೊಟ್ಟೆ. ಅಲಾಸ್ಕಾದ ಕೂಪರ್ ದ್ವೀಪದಲ್ಲಿ ಪಕ್ಷಿವಿಜ್ಞಾನಿ ಜಾರ್ಜ್ ಡಿವೋಕಿ ಅವರು 1970ರ ದಶಕದಿಂದ ಈ ಹಕ್ಕಿಯ ಸಂತಾನವನ್ನು ಗೂಡುಪೆಟ್ಟಿಗೆಗಳಲ್ಲೇ ದಾಖಲಿಸುತ್ತ ಬಂದಿದ್ದಾರೆ. ನಮ್ಮಂಥ ನೋಡುಗರು ಬಿರುಕಿಗೆ ಕೈಹಾಕಬಾರದು, ಇಣುಕಲೂ ಬಾರದು. ಮರಿಗಳಿಗೆಂದು ಒಂದೇ ಮೀನನ್ನು ಕೊಕ್ಕಿನಲ್ಲಿ ಅಡ್ಡಹಿಡಿದ ಹಕ್ಕಿ ಗೂಡಿಗೆ ಹೋಗದೆ ನೀರಿನ ಮೇಲೆ ತೇಲುತ್ತ ನಿಮ್ಮತ್ತಲೇ ನೋಡುತ್ತಿದ್ದರೆ, ನೀವು ಕೂತ ಜಾಗ ಗೂಡಿಗೆ ತೀರ ಹತ್ತಿರವಾಗಿದೆ ಎಂದರ್ಥ. ಮರಿ ಹಸಿದು ಕಾಯುತ್ತಿರುತ್ತದೆ, ಅತ್ತ ಕಡಲಕಾಗೆ ಮೀನು ಕಸಿಯಲು ಹೊಂಚುಹಾಕುತ್ತಿರುತ್ತದೆ. ಕೂಡಲೇ ಎದ್ದು, ಅದು ಒಳಗೆ ಹೋಗುವಷ್ಟು ದೂರ ಹಿಂದೆ ಸರಿಯಿರಿ.